ಹಳೇ ಬಂಗಲೆಯ ಫೈರ್‌ಪ್ಲೇಸ್ ಚೌಕಟ್ಟು, ಸುತ್ತ ಸುಣ್ಣದ ಗಾರೆ ಗೋಡೆ: ಒಡೀಬೇಕಾ, ಉಳಿಸ್ಬೇಕಾ?

ಕಾಫಿಹೂ
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ತೋಟದೊಳಗೆ ನಮ್ಮ ಯಜಮಾನರ ಮನೆಯವರದ್ದೊಂದು ಹಳೇ ಬಂಗಲೆ ಇದೆ, ದೊರೆಗಳ ಕಾಲದ್ದು. ಹಾಲ್‌ನಲ್ಲಿ ಫೈರ್‌ಪ್ಲೇಸ್. ಸುತ್ತ ಮರದ ಚೌಕಟ್ಟು, ಮೇಲೆ ಉದ್ದನೆ ಹಲಗೆ, ಒಳಗೆ ಬೀಡು ಕಬ್ಬಿಣದ ಕಮಾನು, ಅದರ ಎರಡೂ ಪಕ್ಕ ಹೂವಿನ ಟೈಲ್ಸ್. ಮರಕ್ಕೆ ಯಾರ‍್ಯಾರೋ ಯಾವಾಗಲೋ ಬಳಿದ ಪೇಂಟು ಪದರ ಪದರವಾಗಿ ಕೂತಿದೆ. ಎಡಗಡೆ ಕಾಲಿನ ಬುಡ ಗೆದ್ದಲು ತಿಂದು, ಬೆರಳು ಒತ್ತಿದರೆ ಒಳಗೆ ಹೋಗುತ್ತೆ.

ನಿಜವಾದ ತಲೆನೋವು ಗೋಡೆದು. ಇಟ್ಟಿಗೆ ಗೋಡೆಗೆ ಸುಣ್ಣದ ಗಾರೆ. ಚೌಕಟ್ಟಿನ ಅಂಚಿನಿಂದ ಒಂದು ಗೇಣು ಅಗಲಕ್ಕೆ ಗಾರೆ ಉಬ್ಬಿದೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಶಬ್ದ. ಮೇಲೆ ಚಿಮಣಿ ಗೋಡೆಯಲ್ಲಿ ಕಂದು ಕಲೆ. ಎಷ್ಟು ಸಲ ಪೇಂಟ್ ಹೊಡೆಸಿದರೂ ಮಳೆಗಾಲಕ್ಕೆ ಮತ್ತೆ ಹಾಜರ್.

ನಮ್ಮ ಮೇಸ್ತ್ರಿ ಹೇಳೋದು ಇಷ್ಟು: ಪೂರಾ ಕೆರೆದು ಹಾಕಿ ಸಿಮೆಂಟ್ ಪ್ಲಾಸ್ಟರ್ ಮಾಡೋಣ, ಎರಡು ಕೋಟ್ ಪುಟ್ಟಿ, ಮರ ತೆಗೆದು ಕರಿ ಗ್ರಾನೈಟ್ ಕೂರಿಸೋಣ, "ನೂರು ವರ್ಷಕ್ಕೆ ಏನೂ ಆಗಲ್ಲ ಅಮ್ಮ". ಅತ್ತೆಗೆ ಚೌಕಟ್ಟು ಉಳೀಬೇಕು. ನನಗೆ ಚಳಿಗಾಲದಲ್ಲಿ ಬೆಂಕಿ ಹಾಕೋ ಹಾಗಿರಬೇಕು. ತಿಳಿದವರು ದಾರಿ ತೋರಿಸಿ.

ಹೊಸಮನೆ
ಮೇಡಂ, ಮೇಸ್ತ್ರಿ ಹೇಳಿದ್ದೇ ಸರಿ. ಹಳೇ ಸಾಮಾನಿಗೆ ದುಡ್ಡು ಸುರಿದು ಮುಗಿಯಲ್ಲ. ಒಳಗೊಂದು ಎಲೆಕ್ಟ್ರಿಕ್ ಫೈರ್‌ಪ್ಲೇಸ್ ಇಟ್ಟರೆ ಹೊಗೆನೂ ಇಲ್ಲ, ಬೂದಿನೂ ಇಲ್ಲ.

ಗಚ್ಚುಗಿಲಾವ್
ಸಿಮೆಂಟ್ ಹಚ್ಚಬ್ಯಾಡ್ರಿ ಅಕ್ಕಾರ, ಕೈ ಮುಗೀತೀನಿ. ಸುಣ್ಣದ ಗ್ವಾಡಿ ಮ್ಯಾಲ ಸಿಮೆಂಟ್ ಗಿಲಾವ್ ಮಾಡಿದ್ರ ಗ್ವಾಡಿ ಉಸಿರು ಕಟ್ಟತೈತಿ. ನಮ್ಮ ವಿಜಾಪುರದಾಗ ಗೋಲಗುಮ್ಮಟ ಸುಣ್ಣದ ಗಚ್ಚಿನ ಮ್ಯಾಲ ನಿಂತೈತಿ, 1656ರಿಂದ. ನಿಮ್ಮ ಮೇಸ್ತ್ರಿ ಹೇಳೂ ನೂರು ವರ್ಷ ಯಾವ ಲೆಕ್ಕರೀ?

ಕರಣೆ
ಕಾಫಿಹೂ ಅವರೇ, ನಾನು ಬೆಂಗಳೂರಲ್ಲಿ ಹಳೇ ಮನೆಗಳ ಗಾರೆ ಕೆಲಸವನ್ನೇ ಮಾಡೋನು. ನಮ್ಮಪ್ಪನೂ ಇದೇ ಕೆಲಸ. ದಂಡು ಪ್ರದೇಶದ ಬಂಗಲೆಗಳಲ್ಲಿ ನಿಮ್ಮ ಮನೆಯಂಥದ್ದು ಬೇಕಾದಷ್ಟು ಕಂಡಿದೀನಿ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ಮೊದಲು ಕಂದು ಕಲೆ. ಅದು ಪೇಂಟಿನ ತೊಂದರೆ ಅಲ್ಲವೇ ಅಲ್ಲ. ವರ್ಷಗಟ್ಟಲೆ ಕಟ್ಟಿಗೆ ಉರಿದಾಗ ಚಿಮಣಿ ಒಳಗೆ ಮಸಿ, ಟಾರಿನಂಥ ಜಿಡ್ಡು, ಜೊತೆಗೆ ಲವಣಗಳು ಕೂತಿರ್ತವೆ. ಮೇಲಿಂದ ಮಳೆನೀರು ಇಳಿದರೆ ಇವೆಲ್ಲ ಇಟ್ಟಿಗೆ ದಾಟಿ ಗಾರೆಗೆ ಬರ್ತವೆ. ಆ ಲವಣ ಗಾಳಿಯಲ್ಲಿರೋ ತೇವವನ್ನೇ ಎಳ್ಕೊಳ್ಳುತ್ತೆ. ಅದಕ್ಕೇ ನಿಮಗೆ ಮಳೆಗಾಲದಲ್ಲಿ ಕಲೆ ಎದ್ದು ಕಾಣೋದು. ಡ್ಯಾಂಪ್‌ಪ್ರೂಫ್ ಪೇಂಟು ಹೊಡೆದರೆ ಒಂದು ವರ್ಷ ಅಡಗಿ, ಆಮೇಲೆ ಪೇಂಟಿನ ಸಮೇತ ಕಿತ್ಕೊಂಡು ಬರುತ್ತೆ.

ಹಾಗಾಗಿ ಕೆಲಸ ಶುರು ಆಗಬೇಕಾದ್ದು ಹಾಲ್‌ನಲ್ಲಿ ಅಲ್ಲ, ಸೂರಿನ ಮೇಲೆ. ಚಿಮಣಿ ತಲೆ ಒಡೆದಿದೆಯಾ? ಮುಚ್ಚಳ ಇದೆಯಾ? ಹಂಚು ಮತ್ತು ಚಿಮಣಿ ಸೇರೋ ಕಡೆ ತಗಡು ಸರಿಯಾಗಿದೆಯಾ? ನೀರು ಬರೋ ದಾರಿ ಮುಚ್ಚದೆ ಕೆಳಗೆ ಬಂಗಾರದ ಗಾರೆ ಹಾಕಿದರೂ ದಂಡ.

ಸಿಮೆಂಟ್ ಯಾಕೆ ಬೇಡ ಅಂದರೆ, ನಿಮ್ಮ ಗೋಡೆಯ ಇಟ್ಟಿಗೆ ಮೆದು, ಕಟ್ಟಿರೋ ಗಾರೆಯೂ ಮೆದು. ಮಳೆಗಾಲಕ್ಕೆ ತೇವ ಕುಡಿದು ಬೇಸಿಗೆಗೆ ಬಿಡುತ್ತೆ, ಕೂದಲೆಳೆಯಷ್ಟು ಅಲ್ಲಾಡುತ್ತೆ. ಸುಣ್ಣ ಅದರ ಜೊತೆ ಅಲ್ಲಾಡುತ್ತೆ. ಸಿಮೆಂಟ್ ಬಿಗಿ, ಅದು ಅಲ್ಲಾಡಲ್ಲ, ತೇವಾನೂ ಸರಿಯಾಗಿ ಹೊರಗೆ ಬಿಡಲ್ಲ. ಕೊನೆಗೆ ಸಿಮೆಂಟ್ ಹಾಗೇ ಗಟ್ಟಿಯಾಗಿರುತ್ತೆ, ಅದರ ಹಿಂದಿನ ಇಟ್ಟಿಗೆ ಪುಡಿಯಾಗಿರುತ್ತೆ. ಮೇಸ್ತ್ರಿಗಳು ಅದನ್ನ ತೋರಿಸಿ "ನೋಡಿ ಅಮ್ಮ, ಹಳೇ ಇಟ್ಟಿಗೆ ಸರಿ ಇರಲಿಲ್ಲ" ಅಂತಾರೆ.

ಪುಟ್ಟಿ ಬಗ್ಗೆನೂ ಹೇಳಿಬಿಡ್ತೀನಿ. ವೈಟ್ ಸಿಮೆಂಟ್ ಪುಟ್ಟಿ ಹಳೇ ಸುಣ್ಣದ ಮೇಲೆ ನಿಲ್ಲಲ್ಲ, ಹಪ್ಪಳದ ಹಾಗೆ ಏಳುತ್ತೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂತೂ ಬೆಂಕಿ ಬಾಯಿ ಹತ್ತಿರ ಸುಳಿಯಲೇಬಾರದು. ಅದು ಜಿಪ್ಸಂ, ಕಾವು ಹೆಚ್ಚಾದರೆ ಒಳಗಿನ ನೀರು ಬಿಟ್ಟು ಹಿಟ್ಟಾಗುತ್ತೆ.

ಕಾಫಿಹೂ
ಕರಣೆಯವರೇ, ತುಂಬ ಥ್ಯಾಂಕ್ಸ್. ಇವತ್ತು ಆಳು ಹತ್ತಿಸಿ ನೋಡಿಸಿದೆ. ಚಿಮಣಿ ತಲೆಯ ಗಾರೆ ಸೀಳಿದೆ, ಮುಚ್ಚಳ ಇಲ್ಲ, ಒಳಗೆ ಒಣಗಿದ ಕಡ್ಡಿಗಳ ಗೂಡು. ಜೊತೆಗೆ ಜೇನು! ಹೆಜ್ಜೇನಾ ಅಂತ ಆಳುಗಳು ಹತ್ತಿರ ಹೋಗ್ತಿಲ್ಲ.

ಹಳೇಹಂಚು
ಮಾರಾಯ್ರೆ, ಹೆಜ್ಜೇನು ಚಿಮಣಿಯೊಳಗೆ ಕಟ್ಟೂದಿಲ್ಲ. ಅದಕ್ಕೆ ಬಯಲು ಬೇಕು: ಮರದ ಕೊಂಬೆ, ಬಂಡೆ, ನೀರಿನ ಟ್ಯಾಂಕಿಯ ಅಡಿ. ಪೊಟರೆಯಂಥ ಜಾಗದಲ್ಲಿ ಕೂತಿದ್ರೆ ಅದು ತುಡುವೆಯೇ ಇರ್ಬೇಕು. ಹೊಗೆ ಹಾಕಿ ಕೊಲ್ಲುವುದು ಬೇಡ. ನಿಮ್ಮ ಕಡೆ ಜೇನು ಸಾಕುವವರು ಇದ್ದಾರೆ, ಸಂತೋಷದಲ್ಲಿ ಪೆಟ್ಟಿಗೆ ತಂದು ಕೂಡಿಸಿ ತಕ್ಕೊಂಡು ಹೋಗ್ತಾರೆ. ಆದ್ರೆ ಎರಿ, ಮೇಣ ಪೂರಾ ತೆಗೆಸಿ. ಬಿಟ್ರೆ ಮೊದಲ ಬೆಂಕಿಗೇ ಕರಗಿ ಹೊತ್ತಿಕೊಳ್ತದೆ.

ಶೆಫೀಲ್ಡ್ ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮದು ವಿಕ್ಟೋರಿಯಾ ಕಾಲದ ಸಾಲುಮನೆ, ಕೋಣೆಗೊಂದು ಫೈರ್‌ಪ್ಲೇಸ್. ಹಿಂದಿನ ಮಾಲೀಕರು ಎಲ್ಲದಕ್ಕೂ ಹಲಗೆ ಹೊಡೆದು ಮುಚ್ಚಿದ್ದರು. 1952ರ ಲಂಡನ್ ಹೊಗೆಮಂಜಿನ ಅನಾಹುತದ ನಂತರ 1956ರಲ್ಲಿ ಶುದ್ಧಗಾಳಿ ಕಾಯ್ದೆ ಬಂತು, ಊರೂರಲ್ಲಿ ಹೊಗೆ ನಿರ್ಬಂಧದ ವಲಯಗಳಾದವು. ಜನ ಗ್ಯಾಸ್ ಹೀಟರ್‌ಗೆ ಹೋದರು, ಫೈರ್‌ಪ್ಲೇಸ್‌ಗಳು ಗೋಡೆಯೊಳಗೆ ಸಮಾಧಿಯಾದವು. ಅವನ್ನು ತೆರೆಯೋದು ಇಲ್ಲಿ ಒಂದು ದೊಡ್ಡ ಹುಚ್ಚು, ನನಗೂ ಅದು ಹಿಡಿದಿದೆ.

ಮೇಡಂ, ಬೀಡಿನ ತುಂಡಿನ ಹಿಂಬದಿ ನೋಡಲು ಸಾಧ್ಯವಾದರೆ ಟಾರ್ಚ್ ಹಿಡಿದು ನೋಡಿ. ವಜ್ರದಾಕಾರದ ಒಂದು ಉಬ್ಬು ಗುರುತು ಸಿಗಬಹುದು. ಅದು ಬ್ರಿಟನ್ನಿನಲ್ಲಿ ವಿನ್ಯಾಸ ನೋಂದಾಯಿಸಿದ ಮುದ್ರೆ, 1842ರಿಂದ 1883ರವರೆಗೆ ಇತ್ತು. ತುದಿಯ ವೃತ್ತದಲ್ಲಿ ರೋಮನ್ ಒಂದು ಇದ್ದರೆ ಲೋಹದ ವಸ್ತು ಅಂತ. ವೃತ್ತದ ಕೆಳಗಿನ ಮೂಲೆಯಲ್ಲಿ ಅಕ್ಷರ ಇದ್ದರೆ 1867ರವರೆಗಿನದು. ಅಲ್ಲಿ ಅಂಕಿ ಇದ್ದು ಬಲಮೂಲೆಯಲ್ಲಿ ಅಕ್ಷರ ಇದ್ದರೆ 1868ರಿಂದ ಈಚಿನದು, ಆ ಅಕ್ಷರವೇ ವರ್ಷ. 1884ರಿಂದ ಈ ವಜ್ರ ಹೋಗಿ ಬರೀ ನೋಂದಣಿ ಸಂಖ್ಯೆ ಬಂತು.

ಕಾಫಿಹೂ
ಸರ್, ಮೊಬೈಲ್ ಒಳಗೆ ತೂರಿಸಿ ಫೋಟೋ ತೆಗೆದೆ. ವಜ್ರ ಇದೆ! ತುದಿಯಲ್ಲಿ ರೋಮನ್ ಒಂದು. ಅದರ ಕೆಳಗೆ ಯಾವುದೋ ಅಂಕಿ, ತುಕ್ಕಿನಲ್ಲಿ ಅರ್ಧ ಹೋಗಿದೆ. ಬಲಗಡೆ ಸ್ಪಷ್ಟವಾಗಿ ಇಂಗ್ಲಿಷಿನ ಎಸ್.

ಶೆಫೀಲ್ಡ್ ಕನ್ನಡಿಗ
ಎಸ್ ಅಂದರೆ 1875. ಆದರೆ ಒಂದು ಮಾತು: ಅದು ವಿನ್ಯಾಸ ನೋಂದಣಿಯಾದ ವರ್ಷ. ಅದೇ ಅಚ್ಚಿನಲ್ಲಿ ಆಮೇಲೂ ಎರಕ ಹೊಯ್ದಿರುತ್ತಾರೆ. ಬಂಗಲೆ 1875ರದ್ದೇ ಅಂತ ಬೋರ್ಡ್ ಬರೆಸಬೇಡಿ, 1875ಕ್ಕಿಂತ ಹಳೆಯ ತುಂಡಲ್ಲ ಅಂತ ಮಾತ್ರ ಹೇಳಬಹುದು.

ಹೊಸಮನೆ
ಸರಿ, ಇಷ್ಟು ಹಳೇದು ಅಂತಾದರೆ ಗ್ರಾನೈಟ್ ಮಾತು ವಾಪಸ್ 🙂 ಆದರೂ ಕೇಳ್ತೀನಿ, ಬೆಂಕಿ ಹಾಕೋದು ಸೇಫಾ? ನಮ್ಮ ಕಡೆ ರೆಸಾರ್ಟ್‌ಗಳಲ್ಲಿ ಫೈರ್‌ಪ್ಲೇಸ್ ಹಚ್ಚಿದರೆ ರೂಮ್ ತುಂಬ ಹೊಗೆ.

ಮೇಷ್ಟ್ರು ಹಾಸನ
ಹೊಗೆ ತುಂಬುತ್ತೆ ಅಂದರೆ ಕಟ್ಟಿದವರು ಲೆಕ್ಕ ತಪ್ಪಿದ್ದಾರೆ. ಚಿಮಣಿಯೊಳಗಿನ ಬಿಸಿಗಾಳಿ ಹಗುರ, ಹೊರಗಿನದು ಭಾರ. ಈ ವ್ಯತ್ಯಾಸವೇ ಹೊಗೆಯನ್ನು ಮೇಲೆ ಎಳೆಯೋದು. ಚಿಮಣಿ ಎತ್ತರವಾಗಿದ್ದಷ್ಟೂ, ಒಳಗೆ ಬೆಚ್ಚಗಿದ್ದಷ್ಟೂ ಸೆಳೆತ ಜಾಸ್ತಿ. ಬೆಂಕಿಯ ಬಾಯಿ ದೊಡ್ಡದಿದ್ದು ಹೊಗೆದಾರಿ ಕಿರಿದಾದರೆ ಹೊಗೆ ಹಾಲ್‌ಗೇ ಬರುತ್ತೆ. ರೂಢಿಯ ಲೆಕ್ಕ ಏನೆಂದರೆ ಹೊಗೆದಾರಿಯ ವಿಸ್ತೀರ್ಣ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗದ ಆಸುಪಾಸು ಇರಬೇಕು. ಬಾಯಿ 30 ಇಂಚು ಅಗಲ, 24 ಇಂಚು ಎತ್ತರ ಅಂದುಕೊಳ್ಳಿ: 720 ಚದರ ಇಂಚು. ಹೊಗೆದಾರಿಗೆ 72 ಬೇಕು, ಅಂದರೆ ಹೆಚ್ಚುಕಡಿಮೆ ಎಂಟೂವರೆ ಇಂಚಿನ ಚೌಕ.

1796ರಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಇದರ ಬಗ್ಗೆಯೇ ಪ್ರಬಂಧ ಬರೆದ. ಆಗಿನ ಫೈರ್‌ಪ್ಲೇಸ್‌ಗಳು ಆಳವಾದ ಗುಹೆಗಳು, ಕಾವೆಲ್ಲ ಆಕಾಶಕ್ಕೆ. ಆತ ಒಲೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಹೊಗೆಯ ಕತ್ತು ಕಿರಿದು ಮಾಡಿದ. ಕಾವು ಕೋಣೆಗೆ ತಿರುಗಿತು. ನಿಮ್ಮ ಬೀಡಿನ ಕಮಾನಿನ ಒಳಪಕ್ಕಗಳು ಓರೆಯಾಗಿದ್ದರೆ ಅದರ ಮೂಲ ಅಲ್ಲಿದೆ.

ರೆಸಾರ್ಟ್ ಹೊಗೆಗೆ ಇನ್ನೊಂದು ಕಾರಣ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್. ಕಿಟಕಿ ಬಾಗಿಲೆಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಅದು ಗಾಳಿಯನ್ನು ಚಿಮಣಿಯಿಂದಲೇ ಕೆಳಗೆ ಎಳೆಯುತ್ತೆ. ಹೊಗೆ ಕಣ್ಣಿಗೆ ಕಾಣುತ್ತೆ, ಕಾರ್ಬನ್ ಮಾನಾಕ್ಸೈಡ್ ಕಾಣಲ್ಲ, ವಾಸನೆಯೂ ಇಲ್ಲ. ಹಾಲ್‌ಗೊಂದು ಅಲಾರಂ ಹಾಕಿಸಿ. ಇದರಲ್ಲಿ ಜಿಪುಣತನ ಬೇಡ. ಬೆಂಕಿ ಇರುವಾಗ ಒಂದು ಕಿಟಕಿ ಸ್ವಲ್ಪ ತೆರೆದಿರಲಿ.

ತೇಗದ ಹಲಗೆ
ಕಾಫಿಹೂ ಅಕ್ಕ, ಮರದ ವಿಷಯ ನಾನು ಹೇಳ್ತೀನಿ, ಆಚಾರಿ ಕೆಲಸ ನಮ್ದು. ಯಾವ ಮರ ಅಂತ ನೋಡಿದ್ರಾ? ಹಿಂದುಗಡೆ ಪೇಂಟ್ ಇರಲ್ಲ, ಅಲ್ಲಿ ಸ್ವಲ್ಪ ಹೆರೆದು ನೋಡಿ. ನಿಮ್ಮ ಸೀಮೇಲಿ ತೇಗ, ಬೀಟೆ, ಹೆಬ್ಬಲಸು ಯಾವುದೂ ಆಗಿರಬಹುದು.

ಪೇಂಟ್ ತೆಗೆಯೋಕೆ ದಯವಿಟ್ಟು ಮಷಿನ್ ಹಾಕಿ ಒಣಗಾಗೇ ಉಜ್ಜಿಸಬೇಡಿ. ಹಳೇ ಪೇಂಟಲ್ಲಿ ಸೀಸ ಇರುತ್ತೆ. ನಮ್ಮ ದೇಶದಲ್ಲಿ ಮನೆ ಪೇಂಟಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಬಂದಿದ್ದೇ 2016ರ ನಿಯಮದಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಿಂದಿನ ಪೇಂಟ್ ಯಾವುದೇ ಇರಲಿ, ಸೀಸ ಇದೆ ಅಂತಲೇ ಲೆಕ್ಕ ಇಟ್ಕೊಳ್ಳಿ. ಅದರ ಧೂಳು ಚಿಕ್ಕ ಮಕ್ಕಳಿಗೆ ವಿಷ. ಪೇಸ್ಟ್ ಥರದ ಪೇಂಟ್ ರಿಮೂವರ್ ದಪ್ಪಗೆ ಬಳಿದು ಮೇಲೆ ಪ್ಲಾಸ್ಟಿಕ್ ಹೊದೆಸಿ ಬಿಡಿ, ಮೆತ್ತಗಾದ ಮೇಲೆ ಕೆರೆದು ತೆಗೀರಿ, ಹಸಿ ಇದ್ದಾಗಲೇ. ಕಿಟಕಿ ತೆಗೆದಿರಲಿ, ಕೈಗೆ ಗ್ಲೌಸ್ ಇರಲಿ. ಕೆತ್ತನೆ ಸಂದಿಗೆ ಬಿದಿರುಕಡ್ಡಿ ಚೂಪು ಮಾಡ್ಕೊಳ್ಳಿ, ಕಬ್ಬಿಣದ ಮೊನೆ ಮರಕ್ಕೆ ಗಾಯ ಮಾಡುತ್ತೆ. ಕೆರೆದದ್ದನ್ನ ಕಾಫಿ ಗಿಡದ ಬುಡಕ್ಕೆ ಹಾಕ್ಬೇಡಿ, ಒಲೆಗೂ ಹಾಕ್ಬೇಡಿ.

ಕಾಸ್ಟಿಕ್ ಸೋಡಾ ನೀರಲ್ಲಿ ಮುಳುಗಿಸಿ ತೆಗೀತೀವಿ ಅಂತ ಯಾರಾದ್ರೂ ಬಂದ್ರೆ ಗೇಟಿಂದಲೇ ಕಳಿಸಿ. ತೇಗ ಕಪ್ಪಾಗುತ್ತೆ, ಹಳೇ ಸರೇಸಿನ ಅಂಟು ಬಿಟ್ಟು ಕೀಲೆಲ್ಲ ಕಳಚಿಕೊಳ್ಳುತ್ತೆ.

ಗೆದ್ದಲು ತಿಂದ ಕಾಲಿಗೆ ಪೂರಾ ಹೊಸದು ಬೇಡ. ಗಟ್ಟಿ ಮರ ಸಿಗೋವರೆಗೂ ಓರೆಯಾಗಿ ಕುಯ್ದು, ಅದೇ ಜಾತಿ ಹಳೇ ಮರದ ತುಂಡು ಅದೇ ಓರೆಗೆ ಕೂರಿಸಬೇಕು. ಹಳೇ ಬಾಗಿಲವಾಡ ಮಾರೋರ ಹತ್ರ ತುಂಡು ಸಿಗುತ್ತೆ. ಬುಡ ನೇರ ನೆಲಕ್ಕೆ ತಾಗದ ಹಾಗೆ ಕೆಳಗೊಂದು ತೆಳು ಕಲ್ಲು ಕೊಡಿ. ಮೊದಲು ಗೆದ್ದಲು ಎಲ್ಲಿಂದ ಬಂತು ನೋಡ್ಕೊಳ್ಳಿ. ಅದು ಇನ್ನೂ ಓಡಾಡ್ತಿದ್ರೆ ಹೊಸ ಮರನೂ ಅದಕ್ಕೆ ಊಟ.

ಕಾಫಿಹೂ
ತೇಗನೇ ಅಣ್ಣ. ಹಿಂದೆ ಹೆರೆದಾಗ ಆ ಎಣ್ಣೆ ವಾಸನೆ ಬಂತು. ಆದರೆ ಚೌಕಟ್ಟು ಗೋಡೆಯಿಂದ ಬಿಡಿಸೋದು ಹೇಗೆ? ಎಲ್ಲೂ ಮೊಳೆ ಕಾಣ್ತಿಲ್ಲ. ಎಳೆದರೆ ಗಾರೆ ಬೀಳುತ್ತೆ ಅಂತ ಭಯ.

ಶೆಫೀಲ್ಡ್ ಕನ್ನಡಿಗ
ಎಳೆಯಲೇಬೇಡಿ. ಇಲ್ಲಿನ ಚೌಕಟ್ಟುಗಳಿಗೆ ಪಕ್ಕದಲ್ಲಿ, ಮೇಲ್ಹಲಗೆಗಿಂತ ಸ್ವಲ್ಪ ಕೆಳಗೆ, ಕಬ್ಬಿಣದ ಕಿವಿಗಳಿರುತ್ತವೆ. ಅವನ್ನು ಇಟ್ಟಿಗೆಗೆ ಮೊಳೆ ಅಥವಾ ಸ್ಕ್ರೂ ಹಾಕಿ ಬಿಗಿದು, ಅದರ ಮೇಲೆ ಗಾರೆ ಬಳಿದು ಮುಚ್ಚಿರುತ್ತಾರೆ. ಅಂದರೆ ಚೌಕಟ್ಟು ಮೊದಲು, ಗಾರೆ ಆಮೇಲೆ. ಎರಡೂ ಪಕ್ಕ ಅಂಚಿನ ಗಾರೆಯನ್ನು ಸಣ್ಣ ಉಳಿಯಿಂದ ಬಿಡಿಸುತ್ತಾ ಹೋದರೆ ಕಿವಿ ಸಿಗುತ್ತದೆ. ಬೀಡಿನ ಕಮಾನಿಗೂ ಪ್ರತ್ಯೇಕ ಕಿವಿಗಳಿರುತ್ತವೆ. ಸ್ಕ್ರೂ ತಿರುಗದಿದ್ದರೆ ತಲೆ ಕೊರೆದು ತೆಗೆಸಿ, ಸುತ್ತಿಗೆ ಬೇಡ. ಬೀಡು ಬಾಗುವುದಿಲ್ಲ, ಪಟ್ ಅಂತ ಸೀಳುತ್ತೆ. ತೂಕವೂ ವಿಪರೀತ. ಇಬ್ಬರು ಹಿಡಿದುಕೊಂಡೇ ಕೊನೆಯ ಸ್ಕ್ರೂ ತೆಗೆಯಬೇಕು. ಇಲ್ಲದಿದ್ದರೆ ಮುಗ್ಗರಿಸಿ ಕಾಲ ಮೇಲೆ ಬರುತ್ತೆ.

ನಮ್ಮ ಮನೆಯ ಒಳಗೋಡೆಗಳು ಬೇರೆ ಥರ: ತೆಳು ಮರದ ಪಟ್ಟಿಗಳನ್ನು ಸಾಲಾಗಿ ಹೊಡೆದು, ಅದರ ಮೇಲೆ ಕೂದಲು ಬೆರೆಸಿದ ಸುಣ್ಣದ ಗಾರೆ. ಗಾರೆ ಪಟ್ಟಿಗಳ ಸಂದಿಯಿಂದ ಹಿಂದಕ್ಕೆ ಹೊರಳಿ ಕೊಕ್ಕೆಯಂತೆ ಹಿಡಿದಿರುತ್ತೆ. ಅಲ್ಲಿ ಉಳಿ ಬಡಿದರೆ ಹಿಂದಿನ ಕೊಕ್ಕೆಗಳೆಲ್ಲ ಮುರಿದು ಗೋಡೆಯೇ ಜೋತುಬೀಳುತ್ತೆ. ಚಿಮಣಿ ಗೋಡೆ ಮಾತ್ರ ನೇರ ಇಟ್ಟಿಗೆ ಮೇಲೆ ಗಾರೆ, ನಿಮ್ಮದರ ಹಾಗೆಯೇ. ಅದು ಇಷ್ಟು ನಾಜೂಕಲ್ಲ.

ಇನ್ನೊಂದು ಎಚ್ಚರಿಕೆ. ಕಮಾನಿನ ಹಿಂದೆ ಬಿಳಿ ನಾರಿನ ಹಗ್ಗ ಅಥವಾ ಬೂದು ಬಣ್ಣದ ಹಲಗೆ ಕಂಡರೆ ಮುಟ್ಟಬೇಡಿ. ನಡುವೆ ಯಾವಾಗಲೋ ರಿಪೇರಿ ಮಾಡಿದವರು ಆಸ್ಬೆಸ್ಟಾಸ್ ತುಂಬಿರಬಹುದು.

ತೇಗದ ಹಲಗೆ
ಬೀಡು ಸೀಳಿದ್ರೂ ಗಾಬರಿ ಬೇಡ, ಬೆಸುಗೆ ಆಗುತ್ತೆ. ಆದ್ರೆ ಗೇಟು ಮಾಡೋ ವೆಲ್ಡಿಂಗ್ ಅಂಗಡಿಗೆ ಕೊಡ್ಬೇಡಿ. ನಿಕ್ಕಲ್ ರಾಡ್ ಇಟ್ಟಿರೋರು, ಮೊದಲು ಕಾಯಿಸಿ ಆಮೇಲೆ ನಿಧಾನಕ್ಕೆ ಆರಿಸೋರು ಬೇಕು.

ಕಾಫಿಹೂ
ಎಡ ಬಲ ಎರಡೂ ಕಡೆ ಕಿವಿ ಸಿಕ್ತು! ಆಸ್ಬೆಸ್ಟಾಸ್ ಥರದ್ದು ಏನೂ ಇಲ್ಲ, ಹಿಂದೆ ಬರೀ ಇಟ್ಟಿಗೆ ಚೂರು, ಸುಣ್ಣ. ಚೌಕಟ್ಟು ಈಗ ವರಾಂಡದಲ್ಲಿ ಮಲಗಿದೆ. ಕರಣೆಯವರೇ, ಇನ್ನು ಗಾರೆಗೆ ಬನ್ನಿ. ಒಬ್ಬರು ಬೆಲ್ಲ ಹಾಕಿ ಅಂತಾರೆ, ಒಬ್ಬರು ಮೊಟ್ಟೆ ಅಂತಾರೆ, ಅಳಲೆಕಾಯಿ ಅಂತಾರೆ. ನಮ್ಮ ಪೇಟೆ ಅಂಗಡಿಯಲ್ಲಿ ಇರೋದು ಚೀಲದ ಸುಣ್ಣ ಮಾತ್ರ.

ಕರಣೆ
ಚೀಲದ ಸುಣ್ಣ ಎಷ್ಟು ದಿನದ್ದೋ ಯಾರಿಗೂ ಗೊತ್ತಿರಲ್ಲ. ಒಂದು ಚಮಚ ಪುಡಿ ತಗೊಂಡು ಸ್ವಲ್ಪ ವಿನೆಗರ್ ಬಿಡಿ. ಬುಸ್ ಅಂತ ನೊರೆ ಬಂದರೆ ಅದು ಗಾಳಿ ಕುಡಿದು ಆಗಲೇ ಸುಣ್ಣದ ಕಲ್ಲಿನ ಪುಡಿಯಾಗಿದೆ, ಇನ್ನು ಹಿಡಿಯಲ್ಲ. ಸಾಧ್ಯವಾದರೆ ಸುಟ್ಟ ಸುಣ್ಣದ ಹರಳೇ ತರಿಸಿ. ನೀವು ಘಟ್ಟದ ಮೇಲಿದ್ದೀರಿ, ಕೆಳಗೆ ಕರಾವಳಿಯಲ್ಲಿ ಚಿಪ್ಪಿನ ಸುಣ್ಣ ವಿಚಾರಿಸಿ. ಅಂಗಡಿಯವರು ಐಎಸ್ 712 (ಕಟ್ಟಡದ ಸುಣ್ಣಕ್ಕಿರೋ ಭಾರತೀಯ ಮಾನಕ) ಅಂತೇನಾದರೂ ಹೇಳಿದರೆ ಒಳಗೋಡೆ ಗಾರೆಗೆ ಸಿ ವರ್ಗದ್ದು ಕೇಳಿ.

ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಹುಯ್ಯಬಾರದು. ಕೊತಕೊತ ಕುದಿದು ಸಿಡಿಯುತ್ತೆ. ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ನಾಯಿ, ಮಕ್ಕಳು ಆ ಕಡೆ ಸುಳಿಯಬಾರದು. ಸೋಸಿ, ಮೇಲೆ ನೀರು ನಿಲ್ಲೋ ಹಾಗೆ ಡ್ರಮ್ಮಿನಲ್ಲಿ ಇಡಿ. ತಿಂಗಳುಗಟ್ಟಲೆ ಇದ್ದಷ್ಟೂ ಒಳ್ಳೇದು. ನೀರಿನಡಿ ಇರೋವರೆಗೂ ಕೆಡಲ್ಲ. ಈ ಮಳೆಗಾಲ ಪೂರ್ತಿ ಅದು ನೆನೆಯಲಿ, ಮೇಲೆ ಚಿಮಣಿ ಮುಚ್ಚಳದ ಕೆಲಸ ಮುಗಿಸಿ, ದೀಪಾವಳಿ ಕಳೆದ ಮೇಲೆ ಗಾರೆಗೆ ಕೈ ಹಾಕಿ. ಅಷ್ಟರಲ್ಲಿ ಗೋಡೆಯೂ ಒಣಗುತ್ತೆ.

ಬೆಲ್ಲದ ಕಥೆ. ಸಕ್ಕರೆ ಅಂಶ ಇದ್ದರೆ ಸುಣ್ಣ ನೀರಲ್ಲಿ ಹೆಚ್ಚು ಕರಗುತ್ತೆ, ಗಾರೆ ನುಣ್ಣಗೆ ಓಡುತ್ತೆ, ನಿಧಾನಕ್ಕೆ ಹಿಡಿಯುತ್ತೆ. ನಮ್ಮಪ್ಪ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಎರಡೂ ಹಾಕ್ತಿದ್ದರು, ಆದರೆ ಕೈ ಹಿಡಿತ ಇಟ್ಕೊಂಡು. ಜಾಸ್ತಿ ಆದರೆ ನಿಮ್ಮ ಮಲೆನಾಡಿನ ಥಂಡಿಗೆ ಗಾರೆ ಹಿಡಿಯೋದೇ ಇಲ್ಲ, ಮೇಲೆ ಬೂಸ್ಟು ಬೇರೆ. ಮೊಟ್ಟೆ ಬಿಳಿ ಮದ್ರಾಸ್ ಕಡೆಯ ಕನ್ನಡಿಯಂಥ ಹೊಳಪಿನ ಗಾರೆಗೆ. ಒಂದು ಗೇಣು ತೇಪೆಗೆ ಅದೆಲ್ಲ ಬೇಡ, ಆಮ್ಲೆಟ್ ಮಾಡ್ಕೊಳ್ಳಿ.

ಬೇಕಾದ್ದು ಸುರ್ಕಿ, ಅಂದರೆ ಹದವಾಗಿ ಬೆಂದ ಇಟ್ಟಿಗೆಯ ಪುಡಿ. ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಸುರ್ಕಿ ಗಾರೆಯಲ್ಲೇ. ಕೆಂಪು ಕಪ್ಪಾಗುವಷ್ಟು ಬೆಂದ ಇಟ್ಟಿಗೆ ಬೇಡ, ಅದು ಸುಣ್ಣದ ಜೊತೆ ಸೇರಲ್ಲ.

ಗೋಡೆಗೆ ಬಂದರೆ, ಟೊಳ್ಳು ಇರೋದಷ್ಟೇ ತೆಗೀರಿ. ಬಿರುಕಿದ್ದರೂ ಗಟ್ಟಿ ಕೂತಿದ್ದರೆ ಬಿಡಿ. ಕಂದು ಕಲೆಯ ಜಾಗದಲ್ಲಿ ಮಾತ್ರ ದಯೆ ದಾಕ್ಷಿಣ್ಯ ಬೇಡ, ಲವಣ ಕುಡಿದ ಗಾರೆ ಪೂರಾ ಹೋಗಬೇಕು. ಅಂಚನ್ನ ಒಳಮುಖವಾಗಿ ಓರೆ ಕೊರೆದರೆ ಹೊಸದು ಕಚ್ಚಿಕೊಳ್ಳುತ್ತೆ. ಇಟ್ಟಿಗೆ ಸಂದಿ ಧೂಳು ಬ್ರಷ್‌ನಲ್ಲಿ ತೆಗೆದು, ಹಿಂದಿನ ರಾತ್ರಿ ನೀರು ಕುಡಿಸಿ, ಬೆಳಿಗ್ಗೆ ಇನ್ನೊಮ್ಮೆ. ಒಣ ಇಟ್ಟಿಗೆ ಗಾರೆಯ ನೀರನ್ನ ಗಟಗಟ ಹೀರಿ ಗಾರೆ ಸತ್ತುಹೋಗುತ್ತೆ. ಮೊದಲ ಪದರಕ್ಕೆ ನೆನೆದ ಸುಣ್ಣ ಒಂದು ಪಾಲು, ಮರಳೂ ಸುರ್ಕಿಯೂ ಸೇರಿ ಮೂರು ಪಾಲು. ಮಣ್ಣಿಲ್ಲದ ಮರಳು, ಎಂ ಸ್ಯಾಂಡ್ ಆದರೆ ಪುಡಿ ತೊಳೆದದ್ದು. ಜೊತೆಗೆ ಸಣ್ಣಗೆ ಕತ್ತರಿಸಿದ ತೆಂಗಿನ ನಾರು. ಬಳಿಯಬೇಡಿ, ಕರಣೆಯಿಂದ ಎಸೆದು ಹೊಡೀರಿ. ಅರ್ಧ ಇಂಚಿಗಿಂತ ದಪ್ಪ ಒಂದೇ ಸಲ ಬೇಡ. ಮಾರನೇ ದಿನ ಬೆರಳ ಗುರುತು ಬೀಳೋ ಹದದಲ್ಲಿ ಮರದ ಹಲಗೆ ಒತ್ತಿ ತಿಕ್ಕಿದರೆ ಕೂದಲು ಬಿರುಕುಗಳು ಮುಚ್ತವೆ. ಆಮೇಲೆ ಗೀರು ಹಾಕಿ ಮುಂದಿನ ಪದರಕ್ಕೆ ಬಿಡಿ. ಒದ್ದೆ ಗೋಣಿತಾಟು ಮುಂದೆ ಇಳಿಬಿಟ್ಟಿರಲಿ. ಸುಣ್ಣ ಗಟ್ಟಿಯಾಗೋದು ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು. ತಿಂಗಳಿಗೆ ಒಂದು ಮಿಲಿಮೀಟರ್ ಅನ್ನೋದು ಕೆಲಸದವರ ಲೆಕ್ಕ. ಹಾಗಾಗಿ ನಿಮ್ಮ ಮೇಸ್ತ್ರಿ ವಾರದಲ್ಲಿ ಮುಗಿಸ್ತೀನಿ ಅಂದರೆ ನಂಬಬೇಡಿ.

ಗಚ್ಚುಗಿಲಾವ್
ಖರೇ ಮಾತ್ರೀ. ಕಡೀ ಪದರ ಎರಡು ಮೂರು ಮಿಲಿಮೀಟರ್ ಸಾಕು. ನೆನೆದ ಸುಣ್ಣಕ್ಕ ಸಂಗಮರವರಿ (ಮಾರ್ಬಲ್) ಪುಡಿ ಕೂಡಿಸ್ರಿ, ಉಕ್ಕಿನ ಕರಣಿಲೆ ತಿಕ್ಕ್ರಿ. ಬೆಣ್ಣಿ ಇದ್ದಂಗ ಬರತೈತಿ. ಪೇಂಟ್ ಯಾಕ ಬೇಕು?

ಹಳೇಹಂಚು
ಬೆಂಕಿ ಗೂಡಿನ ಒಳಗೆ ಸುಣ್ಣವೂ ಬೇಡ, ಸಿಮೆಂಟೂ ಬೇಡ. ಸಿಮೆಂಟ್ ಕಾವಿಗೆ ಸಿಡಿಯುತ್ತದೆ. ಫೈರ್‌ಬ್ರಿಕ್ ಮತ್ತು ಫೈರ್‌ಕ್ಲೇ ಸಿಗ್ತದೆ, ಬಾಯ್ಲರ್ ಕೆಲಸದವರಿಗೆ ಗೊತ್ತು. ಸಣ್ಣ ಸಂದಿಗೆ ನಮ್ಮ ಅಜ್ಜಿಯಂದಿರ ಹುತ್ತದ ಮಣ್ಣು, ಮರಳು ಕಲಸಿದ್ದು ಇವತ್ತಿಗೂ ಮೋಸ ಮಾಡೂದಿಲ್ಲ. ನೆಲಕ್ಕೆ ಗ್ರಾನೈಟ್ ಹಾಕಿದ್ರೆ ನೇರ ಕೆಂಡ ಬೀಳುವಲ್ಲಿ ಸೀಳ್ತದೆ, ಅಲ್ಲಿ ಇಟ್ಟಿಗೆಯೇ ಇರಲಿ.

ಮೇಷ್ಟ್ರು ಹಾಸನ
ಅಳತೆಯನ್ನೂ ಗಮನಿಸಿ. ಅಮೆರಿಕದ ನಿಯಮದಲ್ಲಿ ಬೆಂಕಿಬಾಯಿಯಿಂದ 6 ಇಂಚಿನೊಳಗೆ ಮರ ಇರಬಾರದು. 12 ಇಂಚಿನೊಳಗೆ ಇರುವ ಮರ ದೂರದ ಪ್ರತಿ ಇಂಚಿಗೆ ಒಂದು ಇಂಚಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಮುಂದೆ ಚಾಚಬಾರದು. ಬಾಯಿ ಎದುರು ನೆಲದ ಮೇಲೆ ಕಲ್ಲು ಅಥವಾ ಇಟ್ಟಿಗೆ ಕನಿಷ್ಠ 16 ಇಂಚು, ಪಕ್ಕಕ್ಕೆ 8 ಇಂಚು. ಚಿಮಣಿ ಸೂರು ದಾಟುವಲ್ಲಿಂದ 3 ಅಡಿ ಮೇಲೆ, 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರ. ದೊರೆಗಳು ಕಟ್ಟಿದ್ದು ಅಂತ ಎಲ್ಲ ಸರಿ ಇರಬೇಕಾಗಿಲ್ಲ, ಟೇಪ್ ಹಿಡಿದು ನೋಡಿ.

ಕಾಫಿಹೂ
ಮಳೆಗಾಲ ಕಳೀತು, ವರದಿ ಒಪ್ಪಿಸ್ತಿದೀನಿ. ಜೇನನ್ನ ಪಕ್ಕದ ಊರಿನವರು ಬಂದು ಒಯ್ದರು, ಒಂದು ಬಾಟಲಿ ತುಪ್ಪ ನಮಗೂ ಸಿಕ್ತು. ಚಿಮಣಿಗೆ ಮುಚ್ಚಳ, ಜಾಲರಿ, ಹೊಸ ತಗಡು ಆಯ್ತು. ಆ ಮೇಸ್ತ್ರಿ ಕೆಲಸ ಬಿಟ್ಟು ಹೋದರು. ಈಗ ಚಿಕ್ಕಮಗಳೂರಿಂದ ಒಬ್ಬ ವಯಸ್ಸಾದ ಮೇಸ್ತ್ರಿ ಬರ್ತಾರೆ, ಅವರಿಗೆ ಸುಣ್ಣ ನೋಡಿದ ಕೂಡಲೇ ಮುಖ ಅರಳಿತು. ಎರಡು ಪದರ ಹಾಕಿದ್ದಾರೆ. ಕಲೆ ಇದ್ದ ಜಾಗದಲ್ಲಿ ಹಳೇ ಗಾರೆ ಕೆರೆದಾಗ ಇಟ್ಟಿಗೆ ಮೇಲೆ ಬಿಳಿ ಹತ್ತಿಯ ಥರ ಉಪ್ಪು ಎದ್ದಿತ್ತು, ಒಣ ಬ್ರಷ್‌ನಿಂದ ಗುಡಿಸಿ ತೆಗೆದರು.

ಟೈಲ್ಸ್ ಬಗ್ಗೆ ಮನೆಯಲ್ಲಿ ಜಗಳ. ಕೆಲವು ಸೀಳಿವೆ, ಒಂದಂತೂ ಇಲ್ಲವೇ ಇಲ್ಲ. ಇಲ್ಲದ ಒಂದಕ್ಕೆ ಹೊಸದು ಪ್ರಿಂಟ್ ಮಾಡಿಸೋಣ ಅಂತ ಮಗ, ಬೇಡ ಅಂತ ಅತ್ತೆ.

ಶೆಫೀಲ್ಡ್ ಕನ್ನಡಿಗ
ಅತ್ತೆಯವರ ಕಡೆಗೆ ನನ್ನ ವೋಟು. ಸೀಳಿದವನ್ನು ಅಂಟಿಸಿ ಹಾಗೆಯೇ ಇಡಿ. ಇಲ್ಲದ ಜಾಗಕ್ಕೆ ಹೊಂದುವ ಒಂದೇ ಬಣ್ಣದ ಟೈಲ್ ಸಾಕು, ನೋಡಿದವರಿಗೆ ರಿಪೇರಿ ಅಂತ ಗೊತ್ತಾಗಲಿ. ಟೈಲ್ ಸ್ವಚ್ಛ ಮಾಡಲು ಸಾಬೂನು ನೀರು ಮಾತ್ರ, ಟಾಯ್ಲೆಟ್ ಆಸಿಡ್ ಹತ್ತಿರ ತರಬೇಡಿ. ಅದು ಪಕ್ಕದ ಸುಣ್ಣದ ಗಾರೆಯನ್ನೂ ತಿನ್ನುತ್ತದೆ. ಬೀಡಿಗೆ ತಂತಿ ಬ್ರಷ್ ಹಾಕಿ ತುಕ್ಕು ತೆಗೆದು ಗ್ರಾಫೈಟ್ ಪಾಲಿಷ್ ಉಜ್ಜಿ. ಆದರೆ ಅದರ ಮೇಲೆ ಪೇಂಟ್ ಉಳಿದಿದ್ದರೆ ಮರಕ್ಕೆ ಹಚ್ಚಿದ ರಿಮೂವರೇ ಮೊದಲು, ಅಲ್ಲೂ ಸೀಸ ಇರುತ್ತದೆ.

ತೇಗದ ಹಲಗೆ
ಅಕ್ಕ, ಚೌಕಟ್ಟು ವಾಪಸ್ ಕೂರಿಸುವಾಗ ಮರಕ್ಕೂ ಗಾರೆಗೂ ನಡುವೆ ತೆಳು ಸಂದಿ ಬಿಡ್ಸಿ. ಮಳೆಗಾಲಕ್ಕೆ ಮರ ಉಬ್ಬಿದರೆ ಹೊಸ ಗಾರೆ ಅಂಚು ಕಿತ್ತು ಹಾಕುತ್ತೆ. ಸಂದಿ ಮುಚ್ಚೋಕೆ ಸಣ್ಣ ಬೀಡಿಂಗ್ ಪಟ್ಟಿ, ಮರಕ್ಕೆ ಮಾತ್ರ ಮೊಳೆ, ಗೋಡೆಗೆ ಬೇಡ. ಫ್ರೆಂಚ್ ಪಾಲಿಷ್ ಕಾವಿಗೆ ಮೆತ್ತಗಾಗುತ್ತೆ. ಅಗಸೆ ಎಣ್ಣೆ ತೆಳ್ಳಗೆ ಒರೆಸಿ, ಒಣಗಿದ ಮೇಲೆ ಮತ್ತೊಂದು. ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಅಗಸೆ ಎಣ್ಣೆ ಬಟ್ಟೆ ತಾನೇ ಕಾವು ಏರಿ ಹೊತ್ಕೊಳ್ಳುತ್ತೆ. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ.

ಕಾಫಿಹೂ
ಕೊನೇದಾಗಿ ಎರಡು ಪ್ರಶ್ನೆ. ಬೆಂಕಿ ಯಾವಾಗ ಹಾಕಬಹುದು? ಗೋಡೆಗೆ ಬಣ್ಣ ಏನು?

ಕರಣೆ
ಕೊನೇ ಪದರ ಆಗಿ ತಿಂಗಳಾದರೂ ಬಿಡಿ. ಆಮೇಲೂ ಮೊದಲ ದಿನ ಚಕ್ಕೆ, ಪುರಲೆ ಉರಿಸಿ ಸಾಕು ಅನ್ನಿ. ಮಾರನೇ ದಿನ ಸ್ವಲ್ಪ ಹೆಚ್ಚು. ಹಸಿ ಗೂಡಿಗೆ ಒಂದೇ ಸಲ ದೊಡ್ಡ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ಒಡೆದುಕೊಂಡು ಬರುತ್ತೆ. ಹಚ್ಚೋಕೆ ಮುಂಚೆ ಒಂದು ಪೇಪರ್ ಸುರುಳಿ ಉರಿಸಿ ಹೊಗೆದಾರಿಯ ಬಾಯಿಗೆ ಹಿಡೀರಿ. ತಣ್ಣಗಿನ ಚಿಮಣಿ ಬೆಚ್ಚಗಾಗಿ ಸೆಳೆತ ಶುರುವಾಗುತ್ತೆ. ಕಟ್ಟಿಗೆ ಒಣಗಿದ್ದೇ ಇರಲಿ. ಕಿತ್ತ ಹಳೇ ಕಾಫಿ ಗಿಡದ ಕಟ್ಟಿಗೆ ನಿಮ್ಮಲ್ಲಿ ಇದ್ದೇ ಇರುತ್ತೆ, ಅದರಷ್ಟು ಒಳ್ಳೆ ಕೆಂಡ ಸಿಲ್ವರ್ ಓಕ್ ಕೊಡಲ್ಲ. ವರ್ಷಕ್ಕೊಮ್ಮೆ ಚಿಮಣಿ ಗುಡಿಸಿಸಿ.

ಬಣ್ಣಕ್ಕೆ ಸುಣ್ಣದ ನೀರೇ. ಅದೇ ಡ್ರಮ್ಮಿನ ಸುಣ್ಣ ಹಾಲಿನಷ್ಟು ತೆಳ್ಳಗೆ ಮಾಡಿ, ಸೋಸಿ, ಸ್ವಲ್ಪ ಗೋಂದು ಹಾಕಿ, ಒದ್ದೆ ಗೋಡೆಗೆ ಮೂರ‍್ನಾಲ್ಕು ಕೈ. ಮೊದಲ ಕೈ ಕಾಣೋದೇ ಇಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತೆ. ಕಾಣಲಿಲ್ಲ ಅಂತ ದಪ್ಪ ಬಳಿದರೆ ಪುಡಿ ಉದುರುತ್ತೆ. ಹಳದಿ ಛಾಯೆ ಬೇಕಿದ್ದರೆ ಹಳದಿ ಜೇಡಿ, ಬಿಳುಪು ಹೆಚ್ಚಲಿ ಅಂದರೆ ಚಿಟಿಕೆ ನೀಲಿ.

ಸಕಲೇಶಪುರ ಘಾಟಿ
ಇಷ್ಟು ದಿನ ಸುಮ್ಮನೆ ಓದ್ತಿದ್ದೆ. ನಮ್ಮಲ್ಲೂ ಇದೇ ಥರದ್ದೊಂದು ಇದೆ, ಯಾರೋ ಸಿಮೆಂಟ್ ಬಳಿದು ಹೋಗಿದ್ದಾರೆ. ಆ ಚಿಕ್ಕಮಗಳೂರಿನ ಮೇಸ್ತ್ರಿ ನಂಬರ್ ಸಿಗುತ್ತಾ ಮೇಡಂ?

ಕಾಫಿಹೂ
ಇಲ್ಲಿ ಹಾಕಲ್ಲ, ಅವರನ್ನ ಕೇಳಿ ಮೆಸೇಜ್ ಮಾಡ್ತೀನಿ. ನಮ್ಮ ಕೊನೇ ಪದರ ಮುಗಿಯೋವರೆಗೆ ಮಾತ್ರ ಅವರನ್ನ ಬಿಡಲ್ಲ!

ಕರಣೆ
ಸಕಲೇಶಪುರದವರೇ, ಸಿಮೆಂಟ್ ಬಿಡಿಸೋಕೆ ಬ್ರೇಕರ್ ಮಷಿನ್ ತರಿಸಬೇಡಿ, ಹಿಂದಿನ ಇಟ್ಟಿಗೆ ಸಮೇತ ಬರುತ್ತೆ. ಕೈ ಉಳಿಯಿಂದ ಒಂದು ಮೂಲೆ ಎಬ್ಬಿಸಿ ಹಿಂದೆ ಹೇಗಿದೆ ಅಂತ ಫೋಟೋ ಹಾಕಿ, ಆಮೇಲೆ ಮಾತಾಡೋಣ.